ಕರ್ನಾಟಕದ ಗೃಹವಾಸ್ತು: ಪರಂಪರೆ, ಹವೆ, ನಗರಜೀವನ

ಸಹ್ಯಾದ್ರಿಯ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷವೊಂದಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು ಇನ್ನೂರು ಕಿಲೋಮೀಟರು ದೂರದ ಚಳ್ಳಕೆರೆಯಲ್ಲಿ ಅದು 500 ಮಿಲಿಮೀಟರಿನ ಆಸುಪಾಸಿಗೆ ಇಳಿದುಬಿಡುತ್ತದೆ. ಒಂದೇ ನುಡಿಯನ್ನಾಡುವ ಜನ ಇಷ್ಟು ಕಿರಿದಾದ ಅಂತರದಲ್ಲಿ ಇಷ್ಟು ಭಿನ್ನವಾದ ಋತುಮಾನಗಳನ್ನು ಎದುರಿಸಿ ಬಾಳಬೇಕಾಗಿ ಬಂದುದರಿಂದ, ಕರ್ನಾಟಕದಲ್ಲಿ ಮನೆ ಕಟ್ಟುವ ವಿದ್ಯೆ ಒಂದೇ ಮಾದರಿಗೆ ಕಟ್ಟುಬೀಳದೆ ಪ್ರತಿಯೊಂದು ಸೀಮೆಯಲ್ಲಿಯೂ ಅಲ್ಲಲ್ಲಿಯ ಮಣ್ಣು, ಮರ, ಕಲ್ಲುಗಳನ್ನು ಆಶ್ರಯಿಸಿ ಬೇರೆ ಬೇರೆಯಾಗಿ ಬೆಳೆಯಿತು. ಈ ಬೆಳವಣಿಗೆಯ ಮೇಲೆ ಕಳೆದ ನೂರೈವತ್ತು ವರ್ಷಗಳಲ್ಲಿ ನಗರಜೀವನದ ಒತ್ತಡ ಬಿದ್ದು, ಹೆಂಚಿನ ಕಾರ್ಖಾನೆ, ನಿವೇಶನದ ಅಳತೆ, ಸಿಮೆಂಟು, ಬಾಡಿಗೆಯ ವರಮಾನ ಮೊದಲಾದ ಹೊಸ ಕಾರಣಗಳು ಹಳೆಯ ಕಾರಣಗಳೊಡನೆ ಸೇರಿಕೊಂಡುವು. ಮನೆಯ ಆಕಾರ ಯಾವ ಕಾರಣದಿಂದ ಹುಟ್ಟಿತೋ ಆ ಕಾರಣವನ್ನು ಅರಿತು ಅದಕ್ಕೆ ಹೊಸ ಉತ್ತರವನ್ನು ಹುಡುಕಿದ ಕಡೆಗಳಲ್ಲಿ ಪರಂಪರೆ ಜೀವಂತವಾಗಿ ಉಳಿದಿದೆಯೆಂಬುದೂ, ಆಕಾರವನ್ನು ಮಾತ್ರ ಎತ್ತಿಕೊಂಡ ಕಡೆಗಳಲ್ಲಿ ಅದು ಕೇವಲ ಅಲಂಕಾರವಾಗಿ ನಿಂತಿದೆಯೆಂಬುದೂ ಈ ಇತಿಹಾಸವನ್ನು ಅವಲೋಕಿಸಿದವರಿಗೆ ವಿದಿತವಾಗುತ್ತದೆ. ದೇವಾಲಯ, ಅರಮನೆಗಳ ವಾಸ್ತುವನ್ನು ಇಲ್ಲಿ ಮನೆಯ ವಿಚಾರಕ್ಕೆ ಬೆಳಕು ದೊರೆಯುವಷ್ಟರ ಮಟ್ಟಿಗೆ ಮಾತ್ರ ಪ್ರಸ್ತಾಪಿಸಿದೆ.

ಮನೆ ಕಟ್ಟುವ ವಿಷಯದಲ್ಲಿ ಗ್ರಂಥಾಧಾರಗಳಿಗೇನೂ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಉಪಭೋಗಗಳ ಎಣಿಕೆ ಗೃಹದಿಂದಲೇ ಮೊದಲಾಗುತ್ತದೆ. ಆದರೆ ಸಾಮಾನ್ಯ ಗೃಹಸ್ಥನ ಮನೆ ಶಾಸ್ತ್ರಗ್ರಂಥವನ್ನು ಬಿಚ್ಚಿ ಕಟ್ಟಿದುದಲ್ಲ. ಊರ ಬಡಗಿ, ಒಡ್ಡ, ಕುಂಬಾರರ ಕೈಬಳಕೆಯೂ, ಹಿಂದಿನ ವರ್ಷ ಸೋರಿದ ಜಾಗವನ್ನು ನೆನಪಿನಲ್ಲಿಟ್ಟುಕೊಂಡ ಮನೆಯೊಡತಿಯ ತಾಕೀತೂ ಅದಕ್ಕೆ ಆಧಾರ.

ಬಯಲುಸೀಮೆಯ ಮಾಳಿಗೆ

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರುಗಳ ಬಯಲಿನಲ್ಲಿ ಮಳೆ ಕಡಮೆ, ಬಿಸಿಲು ಪ್ರಖರ, ದೊಡ್ಡ ಮರ ದುರ್ಲಭ. ಈ ಸೀಮೆಗೆ ಒಪ್ಪಿದುದು ಮಟ್ಟಸವಾದ ಮಣ್ಣಿನ ಮಾಳಿಗೆಯ ಮನೆ. ಎರಡು ಮೂರು ಅಡಿ ದಪ್ಪನಾದ ಕಲ್ಲುಮಣ್ಣಿನ ಗೋಡೆಗಳನ್ನೆಬ್ಬಿಸಿ, ನಡುವೆ ಕಂಬಗಳ ಆಸರೆ ಕೊಟ್ಟು ತೊಲೆಗಳನ್ನು ಹೇರಿ, ತೊಲೆಗಳಿಗೆ ಅಡ್ಡಲಾಗಿ ಜಂತಿಗಳನ್ನು ಜೋಡಿಸಿ, ಜಂತಿಗಳ ಮೇಲೆ ಬಿದಿರ ಗಳುಗಳನ್ನೋ ಕಟ್ಟಿಗೆಯ ಸೀಳುಗಳನ್ನೋ ಒತ್ತಾಗಿ ಹರಡಿ, ಗೆದ್ದಲು ಹತ್ತದಿರಲೆಂದು ಬೇವಿನ ಸೊಪ್ಪನ್ನು ಹಾಸಿ, ಅದರ ಮೇಲೆ ಹದವಾಗಿ ಕಲಸಿದ ಮಣ್ಣನ್ನು ತುಳಿದು, ಕಡೆಯಲ್ಲಿ ಸವಳು ಮಣ್ಣಿನ ಪದರವನ್ನು ಬಡಿದು ಮುಗಿಸುತ್ತಾರೆ. ಬೆಳೆಗೆ ಬಾರದ ಈ ಸವಳು ಮಣ್ಣು, ತನ್ನಲ್ಲಿರುವ ಕ್ಷಾರದ ದೆಸೆಯಿಂದ, ನೀರು ಬಿದ್ದೊಡನೆ ಅತ್ಯಂತ ಸೂಕ್ಷ್ಮಕಣಗಳಾಗಿ ಬಿರಿದು ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹೊಲದಲ್ಲಿ ಯಾವ ಗುಣದಿಂದ ಅದು ರೈತನಿಗೆ ಶತ್ರುವೋ ಮಾಳಿಗೆಯ ಮೇಲೆ ಅದೇ ಗುಣದಿಂದ ಮಿತ್ರ. ಮುಂಗಾರಿಗೆ ಮೊದಲು ಈ ಪದರವನ್ನು ಹೊಸದಾಗಿ ಹಾಕದಿದ್ದರೆ ಮನೆ ಸೋರುವುದು ನಿಶ್ಚಯ. ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ತತ್ತ್ವಪದವೊಂದಕ್ಕೆ ವಸ್ತುವಾಗಿಸಿಕೊಂಡುದು ಈ ಸೀಮೆಯ ಮನೆಮನೆಯ ಅನುಭವದಿಂದಲೇ.

ಇಂತಹ ಮನೆಯ ಹೊರಗೋಡೆಗೆ ಕಿಟಕಿಗಳು ಅಪರೂಪ. ಬೆಳಕು ಬರುವುದು ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ. ಬಿಸಿಗಾಳಿ ಹೊರಕ್ಕೆ ಹೋಗುವುದೂ ಅದರಿಂದಲೇ. ಚೈತ್ರ ವೈಶಾಖಗಳಲ್ಲಿ ಹೊರಗಿನ ಉಷ್ಣತೆ 42 ಡಿಗ್ರಿಯನ್ನು ಮುಟ್ಟಿದ ಮಧ್ಯಾಹ್ನ ಪಡಸಾಲೆಯೊಳಕ್ಕೆ ಕಾಲಿಟ್ಟವರಿಗೆ ಕಣ್ಣು ಕತ್ತಲಿಟ್ಟರೂ ಮೈಗೆ ತಂಪು ತಟ್ಟುತ್ತದೆ. ದಪ್ಪ ಗೋಡೆಯೂ ಅಡಿಗಟ್ಟಲೆ ಮಣ್ಣು ಹೊತ್ತ ಮಾಳಿಗೆಯೂ ಹಗಲಿನ ಬಿಸಿಯನ್ನು ಹೀರಿಕೊಂಡು ಅದನ್ನು ಒಳಮುಖಕ್ಕೆ ದಾಟಿಸುವುದರೊಳಗೆ ಹೊತ್ತು ಮುಳುಗಿರುತ್ತದೆ. ಆ ವೇಳೆಗೆ ಮನೆಯವರು ಹಾಸಿಗೆಯನ್ನು ಸುತ್ತಿಕೊಂಡು ಮಾಳಿಗೆಯ ಮೇಲಕ್ಕೆ ಏರಿರುತ್ತಾರೆ. ಮನೆಯೊಂದು ದಿನದ ಬೇರೆ ಬೇರೆ ಜಾವಗಳಲ್ಲಿ ಬೇರೆ ಬೇರೆ ಕಡೆ ಬಳಕೆಯಾಗುವ ಈ ಕ್ರಮವನ್ನು ಅರಿಯದೆ ಅದರ ತಂಪಿನ ರಹಸ್ಯವನ್ನು ಗೋಡೆಯ ದಪ್ಪದಲ್ಲಿ ಮಾತ್ರ ಹುಡುಕುವುದು ಅರ್ಧ ತಿಳಿವಳಿಕೆಯಾದೀತು. ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳ ದಂದಕ್ಕಿ, ಅದಕ್ಕಿಂತ ಎರಡು ಮೂರು ಅಡಿ ಎತ್ತರದ ಕಟ್ಟೆಯ ಮೇಲೆ ಮನುಷ್ಯರ ವಾಸ. ಎತ್ತು ಕದ್ದು ಹೋಗದಂತೆ, ರಾತ್ರಿಯ ಮೇವಿಗೆ ಹೊರಗೆ ಹೋಗಬೇಕಾಗದಂತೆ, ಒಂದೇ ಸೂರಿನಡಿ ಒಕ್ಕಲುತನದ ಸರ್ವಸ್ವವೂ ಅಡಗಿರುತ್ತದೆ. ದೇಸಾಯರ ವಾಡೆಗಳು ಇದೇ ರಚನೆಯನ್ನು ಹಿಗ್ಗಿಸಿ, ಕೋಟೆಯಂತಹ ಗೋಡೆಯನ್ನೂ ಮೊದಲ ಅಂಗಳದಲ್ಲಿ ಕಚೇರಿಯನ್ನೂ ಸೇರಿಸಿಕೊಂಡುವು.

ಕಲಬುರಗಿಯ ಕಡೆ ಮಣ್ಣಿಗೆ ಬದಲಾಗಿ ಶಹಾಬಾದ್ ಕಲ್ಲಿನ ಹಾಸುಗಳೂ, ಕೋಲಾರ ಬೆಂಗಳೂರುಗಳ ಕಡೆ ಕಣಶಿಲೆಯ ಚಪ್ಪಡಿಗಳೂ ಮೇಲ್ಛಾವಣಿಗೆ ಒದಗಿದುವು. ಚಪ್ಪಡಿ ಎಷ್ಟು ಉದ್ದ ಸೀಳಬಲ್ಲುದೋ ಕೋಣೆ ಅಷ್ಟೇ ಅಗಲ.

ಕಲ್ಲಿನಲ್ಲಿ ಉಳಿದ ಮಾಡು

ಸಾಮಾನ್ಯರ ಮನೆಗಳು ಮಣ್ಣಿನಿಂದಾದುವಾದ ಕಾರಣ ಪ್ರಾಚೀನವಾದುದು ಯಾವುದೂ ಉಳಿದಿಲ್ಲ. ಆದರೆ ಅವುಗಳ ಮಾಡು ಹೇಗಿದ್ದಿತೆಂಬುದಕ್ಕೆ ದೇವಾಲಯಗಳು ಸಾಕ್ಷಿ ಹೇಳುತ್ತವೆ. ಐಹೊಳೆಯ ಲಾಡ್‌ಖಾನ್ ಗುಡಿಯ ಇಳಿಜಾರಾದ ಕಲ್ಲುಹಾಸುಗಳ ಸಂದುಗಳ ಮೇಲೆ ಮರದ ದಿಮ್ಮಿಯನ್ನು ಹೋಲುವ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಮರದ ಮಾಡಿನಲ್ಲಿ ನೀರು ಇಳಿಯದಂತೆ ಮಾಡುತ್ತಿದ್ದ ಉಪಾಯವನ್ನೇ ಶಿಲ್ಪಿ ಇಲ್ಲಿ ಕಲ್ಲಿಗೆ ವರ್ಗಾಯಿಸಿದನೆಂದು ತಿಳಿಯಬಹುದು. ಈ ಗುಡಿಗೆ ಆ ಹೆಸರು ಬಂದುದು ಒಂದಾನೊಂದು ಕಾಲದಲ್ಲಿ ಅದರೊಳಗೆ ಸಂಸಾರ ಹೂಡಿದ್ದವನಿಂದ. ಐಹೊಳೆಯ ಹಲವು ಗುಡಿಗಳು ಬಹುಕಾಲ ಮನೆಗಳಾಗಿ, ಕೊಟ್ಟಿಗೆಗಳಾಗಿ ಬಳಕೆಯಾಗಿದ್ದುವು. ಮೂಡುಬಿದಿರೆಯಲ್ಲಿ 1430ರಲ್ಲಿ ಆರಂಭವಾದ ಸಾವಿರ ಕಂಬದ ಬಸದಿಯೂ, ಭಟ್ಕಳದ ಬಸದಿ ದೇವಾಲಯಗಳೂ ಇನ್ನೂ ಮುಂದಕ್ಕೆ ಹೋಗಿ, ಘಟ್ಟದ ಮೇಲಿನ ಶಿಖರಗಳನ್ನು ತೊರೆದು ಕರಾವಳಿಯ ಮನೆಯ ಇಳಿಮಾಡನ್ನೇ ದೇವರಿಗೂ ಹೊದಿಸಿದುವು. ಭಟ್ಕಳದ ಗುಡಿಗಳ ಸುತ್ತ ಕಲ್ಲಿನ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿ, ಗಾಳಿ ಒಳಕ್ಕೆ ಬರುವಂತೆಯೂ ಎರಚಲು ಹೊರಗೇ ಉಳಿಯುವಂತೆಯೂ ಮಾಡಿದ ತಡಿಕೆಗಳನ್ನು ನೋಡಿದರೆ, ಶಾಸ್ತ್ರದ ಕಟ್ಟಳೆಯನ್ನು ಮಳೆ ಹೇಗೆ ತಿದ್ದಿಸಿತೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

ಮಳೆಯ ಸೀಮೆಯ ಮಾತು ಇದಾದರೆ, ಬಿಸಿಲಿನ ಸೀಮೆಯಾದ ಆದಿಲಶಾಹಿಗಳ ವಿಜಯಪುರದಲ್ಲಿ ಹವೆಯನ್ನು ಗೆದ್ದುದು ಮುಖ್ಯವಾಗಿ ನೀರಿನಿಂದ. ಊರ ಹೊರಗಿನ ಜಲಾಶಯಗಳಿಂದ ಕೊಳವೆಗಳಲ್ಲಿ ತಂದ ನೀರಿನ ಒತ್ತಡವನ್ನು ನಡುನಡುವೆ ಗಂಜ್ ಎಂಬ ಗೋಪುರಗಳಲ್ಲಿ ಇಳಿಸಿ ಊರಿಗೆ ಹಂಚುತ್ತಿದ್ದರು. ಹದಿನೇಳನೆಯ ಶತಮಾನದ ಅಸಾರ್ ಮಹಲಿನ ಎತ್ತರವಾದ ಮರದ ಕಂಬಗಳ ತೆರೆದ ಪಡಸಾಲೆ ಕೊಳಕ್ಕೆ ಎದುರಾಗಿ ಪೂರ್ವಕ್ಕೆ ಮುಖಮಾಡಿರುವುದರಿಂದ, ಸಂಜೆಯ ಬಿಸಿಲು ಅದರ ಬೆನ್ನಿಗೆ ಬೀಳುತ್ತದೆ, ನೀರಿನ ತಂಪು ಎದೆಗೆ.

ಮಲೆನಾಡು, ಕರಾವಳಿ, ಹೆಂಚು

ಘಟ್ಟದ ಮೇಲೂ ಕೆಳಗೂ ಮನೆಯೆಂದರೆ ಮೊದಲು ಮಾಡು. ಗೋಡೆ ಆಮೇಲಿನ ಮಾತು. ಕೆಂಪುಕಲ್ಲು, ಮಣ್ಣುಗಳ ಗೋಡೆ ಮಳೆಗೆ ಕರಗದಂತೆ ಸೂರನ್ನು ತಲೆ ಬಗ್ಗಿಸಿ ಹೋಗುವಷ್ಟು ಕೆಳಕ್ಕೆ ಇಳಿಸುತ್ತಾರೆ. ಪಡುವಣ ಗಾಳಿ ಹೊಡೆಯುವ ಪಕ್ಕಕ್ಕೆ ಆಷಾಢದೊಳಗಾಗಿ ಅಡಿಕೆಸೋಗೆಯ ತಟ್ಟಿಗಳನ್ನು ಕಟ್ಟುತ್ತಾರೆ. ಅಡಿಗೆಯ ಒಲೆಯ ಹೊಗೆಗೆ ಕೊಳವೆಯಿಲ್ಲ; ಅದು ಅಟ್ಟದ ಸಂದುಗಳಲ್ಲಿ ಏರಿ, ಅಲ್ಲಿಟ್ಟ ಅಡಿಕೆ, ಬೀಜ, ಒಣಗದ ಸೌದೆಗಳಿಗೆ ಶಾಖ ಕೊಟ್ಟು, ಸೋಗೆಗೂ ಪಕಾಸಿಗೂ ಹುಳು ಹಿಡಿಯದಂತೆ ಮಾಡಿ ಹೊರಬೀಳುತ್ತದೆ. ತುಳುನಾಡಿನ ಗುತ್ತಿನ ಮನೆಗಳಲ್ಲಿ ಚಾವಡಿ ನ್ಯಾಯಕ್ಕೂ ದೈವದ ಕಾರ್ಯಕ್ಕೂ ಊಟಕ್ಕೂ ಒಂದೇ ಸ್ಥಾನ. ಕೊಡಗಿನ ಐನ್‌ಮನೆ ದಿಣ್ಣೆಯ ಮೇಲೆ ನಿಂತು, ಕೈಯಾಲೆಯ ದಪ್ಪ ಕಂಬಗಳಾಚೆ ಗದ್ದೆಯನ್ನು ನೋಡುತ್ತ, ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆಯಲ್ಲಿ ಒಕ್ಕದ, ಎಂದರೆ ಕುಲದ, ದೀಪವನ್ನು ಕಾಪಾಡುತ್ತದೆ. ಒಕ್ಕದವರು ದೂರದೂರಗಳಲ್ಲಿ ಬೇರೆ ಮನೆ ಮಾಡಿಕೊಂಡಿದ್ದರೂ ಹುತ್ತರಿಗೆ ಅಲ್ಲಿ ಕೂಡುತ್ತಾರೆ.

ಈ ಮಾಡುಗಳ ಇತಿಹಾಸದಲ್ಲಿ 1865 ಮುಖ್ಯವಾದ ವರ್ಷ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಜೇಡಿಯನ್ನು ಬಳಸಿ, ಆ ವರ್ಷ ಹೆಂಚಿನ ಕಾರ್ಖಾನೆಯನ್ನು ತೆರೆದನು. ಅದುವರೆಗೆ ಕುಂಬಾರನು ತಿಗುರಿಯ ಮೇಲೆ ಕೊಳವೆಯಾಗಿ ತಿರುವಿ ಸೀಳುತ್ತಿದ್ದ ನಾಡಹೆಂಚನ್ನು ಒಂದರ ಮೇಲೊಂದು ಎರಡು ಪದರ ಹೊದಿಸಬೇಕಾಗಿದ್ದಿತು. ಅದರ ಭಾರ ಹೊರಲು ಹೆಚ್ಚು ಮರ ಬೇಕು. ಮಂಗ ಹಾರಿದರೆ, ಬೆಕ್ಕು ಓಡಿದರೆ ಸರಿಯುವುದರಿಂದ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸದೆ ಗತಿಯಿಲ್ಲ. ಮಂಗಳೂರು ಹೆಂಚಿನ ಅಂಚಿನಲ್ಲಿ ಒಂದು ಪಕ್ಕಕ್ಕೆ ಏಣು, ಇನ್ನೊಂದು ಪಕ್ಕಕ್ಕೆ ಕಾಲುವೆ. ಒಂದರ ಏಣು ಮತ್ತೊಂದರ ಕಾಲುವೆಯಲ್ಲಿ ಕೂರುವುದರಿಂದ ಒಂದೇ ಪದರ ಸಾಕು. ಕೆಳಗಡೆಯ ಕೊಕ್ಕೆ ರೀಪನ್ನು ಹಿಡಿದುಕೊಳ್ಳುತ್ತದೆ, ಒಡೆದುದನ್ನು ಮಾತ್ರ ತೆಗೆದು ಬೇರೆಯದನ್ನು ಸೇರಿಸಬಹುದು, ಬೆಳಕು ಬೇಕಾದಲ್ಲಿ ಅದೇ ಅಳತೆಯ ಗಾಜಿನ ಹೆಂಚನ್ನು ಇಡಬಹುದು. ಈ ಹೆಂಚು ಘಟ್ಟ ಹತ್ತಿ ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳನ್ನು ಸೇರಿದುದಲ್ಲದೆ ಹಡಗು ಹತ್ತಿ ಪೂರ್ವ ಆಫ್ರಿಕ, ಆಸ್ಟ್ರೇಲಿಯಗಳಿಗೂ ಹೋಯಿತು. ಪರದೇಶದ ಯಂತ್ರವಿದ್ಯೆಯಿಂದ ಹುಟ್ಟಿದ ವಸ್ತುವೊಂದು ಎರಡು ತಲೆಮಾರು ಕಳೆಯುವುದರೊಳಗೆ ನಾಡಿನ ಮನೆಯ ಲಕ್ಷಣವೇ ಆಗಿಬಿಟ್ಟುದಕ್ಕೆ ಕಾರಣ, ಅದು ಹಳೆಯ ಇಳಿಮಾಡಿನ ಉದ್ದೇಶವನ್ನು ಹಳೆಯ ಹೆಂಚಿಗಿಂತ ಚೆನ್ನಾಗಿ ನಡೆಸಿದುದೇ. ಪರಂಪರೆ ಎಂಬುದನ್ನು ಹೊರಗಿನಿಂದ ಏನನ್ನೂ ಒಪ್ಪಿಕೊಳ್ಳದ ಹಟವೆಂದು ಭಾವಿಸುವವರು ಈ ಹೆಂಚಿನ ಕಥೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ತೊಟ್ಟಿ

ಹಳೆಯ ಮೈಸೂರಿನ ಸೀಮೆ ಈ ಎರಡು ತುದಿಗಳ ನಡುವಿನದು. ಬಿಸಿಲೂ ಮಿತ, ಮಳೆಯೂ ಮಿತ. ಇಲ್ಲಿಯ ಅನುಕೂಲಸ್ಥರ ಮನೆ ತೊಟ್ಟಿಯ ಮನೆ. ಬೀದಿಯ ಕಡೆಗೆ ಜಗುಲಿ, ಒಳಕ್ಕೆ ಹೋದರೆ ಹಜಾರ, ಅದರಿಂದ ಮುಂದೆ ನಾಲ್ಕು ಕಡೆಯಿಂದಲೂ ಮಾಡು ಒಳಮುಖವಾಗಿ ಇಳಿದು ನಡುವೆ ಬಾನಿಗೆ ತೆರೆದ ತೊಟ್ಟಿ, ಸುತ್ತಲೂ ಕಂಬಗಳ ಕೈಸಾಲೆ, ಕೈಸಾಲೆಗೆ ಬಾಗಿಲು ತೆರೆಯುವ ಕೋಣೆಗಳು, ಹಿಂದುಗಡೆ ಅಡಿಗೆಮನೆ, ಬಚ್ಚಲು, ಬಾವಿ, ಹಿತ್ತಲು. ಮಳೆ ಬಂದಾಗ ಈ ಮನೆಯನ್ನು ನೋಡಬೇಕು. ನಾಲ್ಕು ಮಾಡುಗಳು ಕೂಡುವ ಮೂಲೆಗಳಲ್ಲಿ ಕೂರಿಸಿದ ದೋಣಿಗಳಿಂದ ನೀರು ನಾಲ್ಕು ಧಾರೆಗಳಾಗಿ ಧುಮುಕುತ್ತದೆ. ಮೊದಲ ಮಳೆಯ ಧೂಳುನೀರು ಹರಿದುಹೋದ ಮೇಲೆ ಮನೆಯವರು ಧಾರೆಯ ಕೆಳಗೆ ಹಂಡೆ ಕೊಳದಪ್ಪಲೆಗಳನ್ನು ತಂದಿಡುತ್ತಾರೆ. ಉಳಿದ ನೀರು ಹಾಸುಗಲ್ಲಿನ ಮೇಲೆ ಒಂದು ಗಳಿಗೆ ನಿಂತು, ಮೂಲೆಯ ತೂಬಿನಿಂದ ಕೈಸಾಲೆಯ ನೆಲದಡಿಯ ಕಾಲುವೆಯಲ್ಲಿ ಸಾಗಿ ಹಿತ್ತಲಿನ ಬಾಳೆಯ ಬುಡಕ್ಕೆ ಸೇರುತ್ತದೆ. ಬೇಸಗೆಯಲ್ಲಿ ಅದೇ ಹಾಸುಗಲ್ಲು ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡಿದ್ದು, ಹೊತ್ತೇರಿದಂತೆ ಕೋಣೆಗಳ ಬಿಸಿಗಾಳಿ ತೊಟ್ಟಿಯಿಂದ ಮೇಲಕ್ಕೆ ಹೋಗಿ ಜಗುಲಿಯ ಕಡೆಯಿಂದ ಬೇರೆ ಗಾಳಿ ಒಳಕ್ಕೆ ಬರುತ್ತದೆ. ಹಪ್ಪಳ ಒಣಗುವುದು, ಮಗುವಿಗೆ ಎಣ್ಣೆ ನೀರಾಗುವುದು, ಹೆಂಗಸರು ಬೀದಿಯ ಕಣ್ಣಿಗೆ ಬೀಳದೆ ಬಿಸಿಲು ಕಾಯುವುದು, ಮದುವೆಗೆ ಚಪ್ಪರ ಏಳುವುದು ಎಲ್ಲವೂ ಅಲ್ಲಿಯೇ. ಹಾಗೆಂದು ಈ ಮನೆಯನ್ನು ಕೇವಲ ಹೊಗಳುವುದೂ ಸಲ್ಲದು. ಕೂಡು ಕುಟುಂಬದ ಯಾವ ಸೊಸೆಗೂ ಅಲ್ಲಿ ಏಕಾಂತವೆಂಬುದು ಇರಲಿಲ್ಲ. ಜಗುಲಿಯವರೆಗೆ ಯಾರು, ಹಜಾರದವರೆಗೆ ಯಾರು, ತೊಟ್ಟಿಯೊಳಕ್ಕೆ ಯಾರು ಬರಬಹುದೆಂಬುದನ್ನು ಜಾತಿ ನಿರ್ಣಯಿಸುತ್ತಿದ್ದಿತು, ಮತ್ತು ಆ ನಿರ್ಣಯ ಮನೆಯ ನಕ್ಷೆಯಲ್ಲಿಯೇ ಬರೆದಂತೆ ಇದ್ದಿತು.

ನಗರದ ಅಳತೆ

1537ರಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರು ಪೇಟೆಯಲ್ಲಿ ಬೀದಿಗೆ ಅಂಗಡಿ, ಅದರ ಹಿಂದೆ ಮಗ್ಗ, ಅದರ ಹಿಂದೆ ಅಥವಾ ಮಹಡಿಯ ಮೇಲೆ ವಾಸ; ಅಗಲ ಕಿರಿದಾಗಿ ಉದ್ದ ಹೆಚ್ಚಾದ ಇಂತಹ ಮನೆಗಳಿಗೆ ನಡುವಿನ ಸಣ್ಣ ತೊಟ್ಟಿಯೇ ಉಸಿರು. 1809ರಲ್ಲಿ ಬ್ರಿಟಿಷರ ದಂಡು ನೆಲೆಗೊಂಡ ಮೇಲೆ ಇದಕ್ಕೆ ತೀರ ವಿರುದ್ಧವಾದ ಬಂಗಲೆ ಕಾಣಿಸಿಕೊಂಡಿತು. ವಿಶಾಲವಾದ ತೋಟದ ಮಧ್ಯೆ ಮನೆ, ಸುತ್ತಲೂ ವರಾಂಡ, ಕಿಟಕಿ ಗೇಟುಗಳ ಮೇಲೆ ಮರದ ಪಟ್ಟಿಗಳಿಂದ ಚೂಪಾಗಿ ಕಟ್ಟಿದ, ಮಂಕಿ ಟಾಪ್ ಎಂದು ಹೆಸರಾದ ಮುಚ್ಚಿಗೆ. ತೊಟ್ಟಿಯ ಮನೆ ಬಯಲನ್ನು ತನ್ನ ಒಳಗೆ ಇಟ್ಟುಕೊಂಡಿತು. ಬಂಗಲೆ ತನ್ನನ್ನು ಬಯಲಿನ ಒಳಗೆ ಇಟ್ಟುಕೊಂಡಿತು. ಎರಡೂ ಈ ಊರಿನ ಹವೆಗೆ ಒಪ್ಪುತ್ತವೆ, ನೆಲ ಸಾಕಷ್ಟು ಇದ್ದರೆ.

1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಅಪಾಯವನ್ನು ತೋರಿಸಿಕೊಟ್ಟಿತು. ಆ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಲ್ಲಿ ನೇರವಾದ ರಸ್ತೆಗಳೂ ಮನೆಗಳ ಹಿಂದೆ ನೈರ್ಮಲ್ಯದ ಗಲ್ಲಿಗಳೂ ಏರ್ಪಟ್ಟುವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪಿತವಾಗಿ ಅಂತಹುದೇ ಕೆಲಸವನ್ನು ಕೈಗೊಂಡಿತು. ಈ ಬಡಾವಣೆಗಳ ಮೊದಲ ಮನೆಗಳಲ್ಲಿ ಜಗುಲಿಯೂ ವರಾಂಡವೂ ಬೆರೆತು, ಮಂಗಳೂರು ಹೆಂಚು, ಮದ್ರಾಸು ತಾರಸಿ, ಕೈಯಿಂದ ತಿಕ್ಕಿ ನಯಗೊಳಿಸಿದ ಕೆಂಪು ಗಾರೆಯ ನೆಲ ಮೊದಲಾದುವು ಸೇರಿ ಒಂದು ಹದವಾದ ರೀತಿ ಬೆಳೆಯಿತು.

ಆ ಕಾಲದ ನಗರಜೀವನದ ನಿಜವಾದ ಸೃಷ್ಟಿ, ನನ್ನ ಅಭಿಪ್ರಾಯದಲ್ಲಿ, ವಠಾರ. ಶಿಲ್ಪಿಯ ಹೆಸರಿಲ್ಲದ, ವಾಸ್ತುವಿದ್ಯೆಯ ಪುಸ್ತಕಗಳು ಬಹುಮಟ್ಟಿಗೆ ಕಡೆಗಣಿಸಿದ ಈ ರಚನೆಯಲ್ಲಿ, ಒಂದು ದೊಡ್ಡ ನಿವೇಶನದ ಎರಡೋ ಮೂರೋ ಮಗ್ಗುಲಿಗೆ ಸಾಲುಮನೆಗಳು, ನಡುವೆ ಎಲ್ಲರ ಅಂಗಳ, ಅಂಗಳದ ಕೊನೆಗೆ ಎಲ್ಲರ ಬಾವಿ ಅಥವಾ ನಲ್ಲಿ. ಒಂದೊಂದು ಮನೆಗೂ ಒಂದರ ಹಿಂದೊಂದಾಗಿ ಹಜಾರ, ನಡುಮನೆ, ಅಡಿಗೆಮನೆ; ಮೂರಕ್ಕೂ ಬೆಳಕು ಮುಂದಿನ ಬಾಗಿಲಿನಿಂದ. ಹಳ್ಳಿಯಿಂದ ಗುಮಾಸ್ತಗಿರಿಗೆ, ಶಾಲೆಯ ಮಾಸ್ತರಿಕೆಗೆ, ಗಿರಣಿಯ ಕೆಲಸಕ್ಕೆ ಬಂದ ಸಂಸಾರ ಇಲ್ಲಿ ಒಂದು ಕೂಡು ಕುಟುಂಬದ ತೊಟ್ಟಿಯನ್ನು ನೆರೆಯವರೊಡನೆ ಹಂಚಿಕೊಂಡಿತು. ನಲ್ಲಿಯ ಮುಂದಿನ ಜಗಳ, ಶೌಚಕ್ಕೆ ಸರದಿ, ಮಳೆಗಾಲದ ತೇವ ಇವೆಲ್ಲ ಇದ್ದರೂ, ಮಕ್ಕಳ ಆಟಕ್ಕೂ ಬಾಣಂತಿಯ ಆರೈಕೆಗೂ ರೋಗಿಯ ಪಕ್ಕದಲ್ಲಿ ಕೂರುವುದಕ್ಕೂ ಜನ ಸಿಕ್ಕುತ್ತಿದ್ದುದು ಆ ಅಂಗಳದ ದೆಸೆಯಿಂದ. ಇಂದಿನ ಅಪಾರ್ಟ್‌ಮೆಂಟುಗಳಿಗೆ ಲಿಫ್ಟಿದೆ, ಜನರೇಟರಿದೆ, ಕಾವಲಿದೆ. ವಠಾರದ ಅಂಗಳದಂತೆ ದಾರಿಯಲ್ಲಿಯೇ ಸಿಕ್ಕುವ, ಯಾರೂ ನೆಪ ಹುಡುಕದೆ ಕೂರಬಹುದಾದ ಬಯಲು ಅವುಗಳಲ್ಲಿ ವಿರಳ.

ಸ್ವಾತಂತ್ರ್ಯಾನಂತರ ಮನೆಯ ಆಕಾರವನ್ನು ನಿರ್ಣಯಿಸಿದುದು ನಿವೇಶನದ ಅಳತೆ. ಮೂವತ್ತು-ನಲವತ್ತು ಎಂದರೆ 1,200 ಚದರಡಿ, ನಲವತ್ತು-ಅರವತ್ತು ಎಂದರೆ 2,400 ಚದರಡಿ. ನಗರದ ಮಧ್ಯಮ ವರ್ಗದ ಬಾಳಿನ ಆಸೆಗಳೆಲ್ಲ ಈ ಎರಡು ಅಂಕಿಗಳ ಸುತ್ತ ತಿರುಗಿವೆ. ಈ ನಿವೇಶನಗಳಿಗೆ ಅನ್ವಯಿಸಿದ ಕಟ್ಟಡ ನಿಯಮಗಳ ಹಿಂದಿರುವುದು ಬಂಗಲೆಯ ಕಲ್ಪನೆ. ಮನೆಯ ನಾಲ್ಕು ಸುತ್ತಲೂ ಬಯಲು ಬಿಡಬೇಕೆಂಬುದು ಅದರ ಸಾರ. ಎಕರೆಗಟ್ಟಲೆ ತೋಟದಲ್ಲಿ ಸಾರ್ಥಕವಾಗಿದ್ದ ಈ ಕಟ್ಟಳೆಯನ್ನು ಮೂವತ್ತು ಅಡಿ ಅಗಲದ ನೆಲಕ್ಕೆ ಇಳಿಸಿದಾಗ ಮಗ್ಗುಲಿಗೆ ಉಳಿಯುವುದು ಮೂರು ನಾಲ್ಕು ಅಡಿಯ ಸಂದು. ಪಕ್ಕದವನೂ ಅಷ್ಟೇ ಬಿಟ್ಟು ಮೂರು ಮಹಡಿ ಎತ್ತಿದರೆ ಆ ಸಂದಿಗೆ ಬಿಸಿಲೂ ಇಳಿಯದು, ಗಾಳಿಯೂ ಆಡದು, ಕಿಟಕಿ ತೆರೆದರೆ ನೆರೆಮನೆಯ ಬಚ್ಚಲು. ಇದೇ ಸಂದುಗಳನ್ನೆಲ್ಲ ಒಟ್ಟುಗೂಡಿಸಿ ಮನೆಯ ನಡುವೆ ಇಟ್ಟಿದ್ದರೆ ಒಂದು ತಕ್ಕಮಟ್ಟಿನ ತೊಟ್ಟಿಯೇ ಆಗುತ್ತಿದ್ದಿತು. ತೊಟ್ಟಿಯ ಮನೆ ಮರೆಯಾದುದಕ್ಕೆ ಜನರ ಅಭಿರುಚಿ ಕೆಟ್ಟಿತೆಂದು ದೂರುವವರು, ನಿಯಮವೇ ಅದನ್ನು ಒಳಹೊರಗು ಮಾಡಿತೆಂಬುದನ್ನು ಗಮನಿಸಬೇಕು. ಅನಂತರ ನೆಲ ಅಂತಸ್ತಿನ ಮುಂಭಾಗವನ್ನು ಕಾರು ಆಕ್ರಮಿಸಿತು, ಜಗುಲಿ ಹೋಯಿತು. ಮೇಲಿನ ಮಹಡಿಗಳು ಬಾಡಿಗೆಗೆ ಹೋದುವು. ಮನೆ ವಾಸಸ್ಥಾನವಾಗಿರುವುದರ ಜೊತೆಗೆ ವೃದ್ಧಾಪ್ಯದ ವರಮಾನವೂ ಆಯಿತು.

ಕಾಂಕ್ರೀಟು ಮತ್ತು ಅದರಾಚೆ

ಕಂಬಿ ಹಾಕಿದ ಕಾಂಕ್ರೀಟಿನ ತಾರಸಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಲ್ಲ ಸೀಮೆಗಳ ಮಾಡನ್ನೂ ಒಂದೇ ಆಗಿಸಿತು. ಮಳೆಗೆ ಕರಗದು, ಗೆದ್ದಲು ಹತ್ತದು, ಮೇಲೆ ಇನ್ನೊಂದು ಮಹಡಿ ಕಟ್ಟಬಹುದು. ಮರ ದುಬಾರಿಯಾದ ಕಾಲದಲ್ಲಿ ಜನ ಅದನ್ನು ಆಯ್ದುದು ಸಹಜವೇ. ಆದರೆ ನಾಲ್ಕೈದು ಅಂಗುಲದ ಈ ಹಾಸು ಹಗಲಿನ ಬಿಸಿಯನ್ನು ಸಂಜೆಗೇ ಒಳಕ್ಕೆ ಬಿಡುತ್ತದೆ, ಸರಿಯಾಗಿ ಮನೆಯವರು ಮಲಗುವ ವೇಳೆಗೆ. ಕರಾವಳಿಯ ಮಳೆಯಲ್ಲಿ ಅದು ಕೆಲವೇ ವರ್ಷಗಳಲ್ಲಿ ಜಿನುಗತೊಡಗುತ್ತದೆ. ಇದಕ್ಕೆ ದಕ್ಷಿಣ ಕನ್ನಡ, ಉಡುಪಿ, ಮಲೆನಾಡುಗಳ ಜನ ತಾವೇ ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಮಟ್ಟಸ ತಾರಸಿಯ ಮೇಲೆ ಕಬ್ಬಿಣದ ಕೊಳವೆಗಳ ಚೌಕಟ್ಟನ್ನು ನಿಲ್ಲಿಸಿ, ಅದರ ಮೇಲೆ ಇಳಿಜಾರಾಗಿ ತಗಡಿನ ಶೀಟನ್ನೋ ಮಂಗಳೂರು ಹೆಂಚನ್ನೋ ಹೊದಿಸುತ್ತಾರೆ. ತಾರಸಿ ಒದ್ದೆಯಾಗುವುದಿಲ್ಲ, ಕಾಯುವುದಿಲ್ಲ. ನಡುವಿನ ಜಾಗದಲ್ಲಿ ಬಟ್ಟೆ ಒಣಗುತ್ತದೆ, ಅಡಿಕೆ ಒಣಗುತ್ತದೆ, ಶ್ರಾದ್ಧ ಸೀಮಂತಗಳ ಊಟವೂ ನಡೆಯುತ್ತದೆ. ಅಟ್ಟವೂ ಚಾವಡಿಯೂ ಬೇರೆ ವೇಷದಲ್ಲಿ ಮನೆಯ ಮೇಲಕ್ಕೆ ಹತ್ತಿವೆ. ನೋಟಕ್ಕೆ ಅಂದವಿಲ್ಲವೆಂದು ಕೆಲವರು ಮೂಗು ಮುರಿಯಬಹುದು, ಬುದ್ಧಿವಂತಿಕೆಗೇನೂ ಕೊರತೆಯಿಲ್ಲ.

ಶಿಕ್ಷಿತ ವಾಸ್ತುಶಿಲ್ಪಿಗಳಲ್ಲಿ ಹವೆಯ ವಿಚಾರವನ್ನು ಈ ರಾಜ್ಯದಲ್ಲಿ ಶಾಸ್ತ್ರೀಯವಾಗಿ ಎತ್ತಿಕೊಂಡವರಲ್ಲಿ ಒಟ್ಟೊ ಕೋನಿಗ್ಸ್‌ಬರ್ಗರ್ ಮೊದಲಿಗರು. ಹಿಟ್ಲರನ ಜರ್ಮನಿಯನ್ನು ತೊರೆದು ಬಂದ ಅವರನ್ನು 1939ರಲ್ಲಿ ಮೈಸೂರು ಸಂಸ್ಥಾನ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರವು. ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುವನ್ನು ಬೋಧಿಸಿದ ಅವರು, 1974ರಲ್ಲಿ ಸಹಲೇಖಕರೊಡನೆ ಪ್ರಕಟಿಸಿದ ಆ ವಿಷಯದ ಕೈಪಿಡಿ ಬಹುಕಾಲ ವಿದ್ಯಾರ್ಥಿಗಳ ಪಠ್ಯವಾಗಿದ್ದಿತು. ಮೈಸೂರು ಸೀಮೆಯ ಬಿಸಿಲು ಮಳೆಗಳಲ್ಲಿ ಗಳಿಸಿದ ಅನುಭವ ಆ ವಿದ್ಯೆಗೆ ಒದಗಿತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದ, ಬಿ. ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ 1951ರಿಂದ 1956ರವರೆಗೆ ನಿರ್ಮಾಣವಾದ ವಿಧಾನಸೌಧ ಪರಂಪರೆಯ ಪ್ರಶ್ನೆಗೆ ಬೇರೆಯ ಉತ್ತರ. ಸ್ಥಳೀಯ ಕಣಶಿಲೆಯೂ ನಾಡಿನ ಕಲ್ಲುಕುಟಿಗರ ಕೌಶಲವೂ ಅಲ್ಲಿ ಮೆರೆದಿವೆ. ದ್ರಾವಿಡ ಶೈಲಿಯ ಕಂಬ, ಗುಮ್ಮಟ, ಕಪೋತಗಳಲ್ಲಿ ಸ್ವತಂತ್ರ ರಾಜ್ಯದ ಆತ್ಮಗೌರವ ಮಾತಾಡುತ್ತದೆ. ಹವೆಯ ದೃಷ್ಟಿಯಿಂದ ನೋಡಿದರೆ ನನಗೆ ಆ ಶಿಲ್ಪಕ್ಕಿಂತ ಒಳಗಿನ ಎರಡು ತೆರೆದ ಅಂಗಳಗಳು ಹೆಚ್ಚು ಬೆಲೆಯುಳ್ಳವಾಗಿ ಕಾಣುತ್ತವೆ. ಬಿ. ವಿ. ದೋಶಿಯವರು 1970ರ ದಶಕದ ಕೊನೆಯಿಂದ ರೂಪಿಸಿದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಕಂಬ ಕಪೋತಗಳ ಅನುಕರಣೆಯಿಲ್ಲ. ಒರಟು ಕಲ್ಲಿನ ಗೋಡೆ, ಅಲ್ಲಲ್ಲಿ ಬಾನಿಗೆ ತೆರೆದ ನೀಳವಾದ ಮೊಗಸಾಲೆ, ಹಂದರದ ನೆರಳು, ಬಳ್ಳಿ, ಅಂಗಳ. ಫತೇಪುರ ಸಿಕ್ರಿಯಿಂದ ಪ್ರೇರಣೆ ಪಡೆದರೂ ಅದು ಬೆಂಗಳೂರಿನ ಹವೆಗೆ ಹೇಳಿಸಿದಂತಿದೆ, ಏಕೆಂದರೆ ಹೊರಗೆ ನಡೆದಾಡುವುದು ವರ್ಷದ ಬಹುಭಾಗ ಸುಖಕರವಾಗಿರುವ ಊರು ಇದು. ಅದೇ ಊರಿನ ವರ್ತುಲ ರಸ್ತೆಯಲ್ಲಿ ಗಾಜಿನ ಗೋಡೆಗಳನ್ನೆಬ್ಬಿಸಿ, ಕಿಟಕಿ ತೆರೆಯದಂತೆ ಬಿಗಿದು, ಒಳಗೆ ಸೇರಿದ ಬಿಸಿಲನ್ನು ವಿದ್ಯುತ್ತಿನಿಂದ ಹೊರಕ್ಕೆ ತಳ್ಳುವ ಕಚೇರಿಗಳನ್ನು ಕಟ್ಟಿರುವುದು ವಿಷಾದಕರ.

ಮಣ್ಣನ್ನು ಮತ್ತೆ ಗೌರವದ ವಸ್ತುವನ್ನಾಗಿ ಮಾಡಿದ ಕೀರ್ತಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರಕ್ಕೆ ಸಲ್ಲುತ್ತದೆ. ಕೆ. ಎಸ್. ಜಗದೀಶರೂ ಸಂಗಡಿಗರೂ ಸಂಶೋಧಿಸಿ ಹರಡಿದ ವಿಧಾನದಲ್ಲಿ, ನಿವೇಶನದಲ್ಲಿಯೇ ಅಗೆದ ಮಣ್ಣಿಗೆ ಮರಳನ್ನು ಹದಕ್ಕೆ ಬೆರೆಸಿ, ಶೇಕಡಾ 5ರಿಂದ 8ರಷ್ಟು ಸಿಮೆಂಟು ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿ ಇಟ್ಟಿಗೆ ಮಾಡುತ್ತಾರೆ. ಸುಡಬೇಕಾಗಿಲ್ಲವಾದ ಕಾರಣ ಸೌದೆಯ ಖರ್ಚಿಲ್ಲ. ಬೆಂಗಳೂರಿನಲ್ಲಿ ಈ ಇಟ್ಟಿಗೆಯ ಮನೆಗಳು ಈಗ ಸಾಕಷ್ಟು ಕಾಣಸಿಗುತ್ತವೆ. ಇಂತಹ ಮನೆಗಳಲ್ಲಿ ಹಲವಕ್ಕೆ ತೊಟ್ಟಿಯೂ ಮರಳಿ ಬಂದಿದೆ. ಕೆಲವರು ಅದನ್ನು ಗಾಜಿನಿಂದ ಪೂರ್ತಿ ಮುಚ್ಚಿ, ಬಿಸಿಗಾಳಿಗೆ ದಾರಿಯಿಲ್ಲದಂತೆ ಮಾಡಿ, ನಡುಮನೆಯಲ್ಲಿ ಬಿಸಿಲಿನ ಪೆಟ್ಟಿಗೆಯನ್ನು ತಂದಿಟ್ಟುಕೊಂಡಿದ್ದಾರೆ. ತಿಳಿದವರು ಗಾಜಿನ ಕೆಳಗೆ ನಾಲ್ಕು ಕಡೆಯೂ ಜಾಲರಿಯ ಸಂದು ಬಿಟ್ಟಿದ್ದಾರೆ. 2009ರ ಕಾನೂನಿನಂತೆ ಬೆಂಗಳೂರಿನಲ್ಲಿ 1,200 ಚದರಡಿಯ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೂ, 2,400 ಚದರಡಿಯ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ತೊಟ್ಟಿಯ ನಾಲ್ಕು ಧಾರೆಗಳ ಕೆಲಸವನ್ನು ಈಗ ತಾರಸಿಯ ಪೈಪು, ಸೋಸುವ ಡ್ರಮ್ಮು, ಇಂಗುಗುಂಡಿಗಳು ಮಾಡುತ್ತಿವೆ.

ಹಳೆಯ ಕಟ್ಟಡಗಳ ರಕ್ಷಣೆ

ಬೆಂಗಳೂರಿನ ಅಠಾರ ಕಚೇರಿಯನ್ನು ಕೆಡವುವ ಪ್ರಸ್ತಾಪ 1980ರ ದಶಕದ ಆರಂಭದಲ್ಲಿ ಬಂದಾಗ ನಾಗರಿಕರು ಎದುರುನಿಂತುದರಿಂದ ಅದು ಉಳಿಯಿತು. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವೂ 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿದುವು. ಮೊದಲನೆಯದರಲ್ಲಿ ಪ್ರಾಣಹಾನಿಯೂ ಆಯಿತು. ಇವನ್ನು ಕೆಡವಿ ಅದೇ ಆಕಾರದಲ್ಲಿ ಹೊಸದಾಗಿ ಕಟ್ಟಬೇಕೆ, ದುರಸ್ತಿ ಮಾಡಿ ಉಳಿಸಬೇಕೆ ಎಂಬ ವಿವಾದ ದೀರ್ಘಕಾಲ ನಡೆದಿದೆ. ದುರಸ್ತಿಯ ಪರವಾಗಿ ಹೇಳಬೇಕಾದ ಮಾತು ಭಾವುಕತೆಯದಲ್ಲ, ದ್ರವ್ಯಗುಣದ್ದು. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರುತ್ತದೆ, ಬಿಸಿಲಿಗೆ ಹೊರಕ್ಕೆ ಬಿಡುತ್ತದೆ. ಬಿರುಕು ಕಂಡೊಡನೆ ಮೇಲೆ ಸಿಮೆಂಟು ಬಳಿದರೆ ಆ ತೇವ ಒಳಗೇ ಸಿಕ್ಕಿಬಿದ್ದು ಇಟ್ಟಿಗೆಯನ್ನು ಪುಡಿಮಾಡುತ್ತದೆ; ತೊಲೆಗಳ ತುದಿ ಗೋಡೆಯೊಳಗೆ ಕುಳಿತ ಕಡೆ ಕೊಳೆಯುತ್ತದೆ. ಮದ್ರಾಸು ತಾರಸಿಯದೂ ಇದೇ ಮಾತು. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಸಾಲಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರು, ಸುಣ್ಣಗಳ ಪದರ ಹಾಕಿ, ಬೆಲ್ಲ ಅಳಲೆಕಾಯಿಗಳ ನೀರು ಚಿಮುಕಿಸುತ್ತ ಹೆಂಗಸರು ಸಾಲಾಗಿ ಕುಳಿತು ಕೊಡತಿಯಿಂದ ದಿನಗಟ್ಟಲೆ ಬಡಿದುದರಿಂದ ಅದು ನೂರು ವರ್ಷ ನಿಂತಿತು. ಅದನ್ನು ಸರಿಪಡಿಸಲು ಅದೇ ಸುಣ್ಣವೂ ಅಷ್ಟೇ ತಾಳ್ಮೆಯೂ ಬೇಕು. ಸುಣ್ಣ ಕೊಳೆಸಿ ಹದಮಾಡುವುದನ್ನು ಬಲ್ಲ ಕೆಲಸಗಾರರು ವಿರಳರಾಗಿರುವ ಈ ಹೊತ್ತಿನಲ್ಲಿ, ದುರಸ್ತಿ ನಡೆಯುತ್ತಿರುವ ಕೆಲವು ಕಡೆ ಗಾರೆ ಅರೆಯುವ ಗಾಣಗಳನ್ನು ಮತ್ತೆ ಹೂಡಿ, ಹಳೆಯ ಮೇಸ್ತ್ರಿಗಳ ಕೈಕೆಳಗೆ ತರುಣರಿಗೆ ಆ ಕೆಲಸವನ್ನು ಕಲಿಸಲಾಗುತ್ತಿದೆ.